ಮದುವೆಯಾದ ಮೇಲೆ ಸ್ಕಾಲರ್‌ಶಿಪ್ ಯಾವ ಮನೆಯದು?

ಪ್ರತಿ ವರ್ಷ ಎಸ್‌ಎಸ್‌ಪಿ ಪೋರ್ಟಲ್ ಓಪನ್ ಆದ ಕೂಡಲೇ ನಮ್ಮ ಕನ್ನಡ ಸಂಘದ ರೂಮು ಸೈಬರ್ ಸೆಂಟರ್ ಆಗಿಬಿಡುತ್ತದೆ. ಎರಡು ಲ್ಯಾಪ್‌ಟಾಪ್, ಒಂದು ಪ್ರಿಂಟರ್, ಪ್ರಿಂಟರ್‌ನಲ್ಲಿ ಯಾವತ್ತೂ ಇಂಕ್ ಇರಲ್ಲ. ಒಟಿಪಿ ಬರಲಿಲ್ಲ, ಆಧಾರಿನ ಹೆಸರೇ ಬೇರೆ, ಮಾರ್ಕ್ಸ್ ಕಾರ್ಡಿನ ಹೆಸರೇ ಬೇರೆ, ಇಂಥ ತಕರಾರುಗಳೇ ಹೆಚ್ಚು. ಈ ಸಲ ಬಂದ ಒಂದು ತಕರಾರು ಮಾತ್ರ ನಮ್ಮನ್ನು ಒಂದು ವಾರ ಕೂರಿಸಿತು.

ಬಂದವರು ಫೈನಲ್ ಇಯರ್‌ನ ಒಬ್ಬ ಅಕ್ಕ. ಊರು ಅಫಜಲಪುರ ತಾಲೂಕಿನ ಗೊಬ್ಬೂರ. ಬೇಸಿಗೆ ರಜೆಯಲ್ಲಿ ಅವರ ಮದುವೆಯಾಯ್ತು. ಕೊಟ್ಟಿದ್ದು ಗಡಿಯ ಆಚೆಗೆ, ಸೋಲಾಪುರ ಜಿಲ್ಲೆ ಅಕ್ಕಲಕೋಟ ತಾಲೂಕಿನ ದುಧನಿ ಹತ್ತಿರದ ಒಂದು ಹಳ್ಳಿಗೆ. ಓದು ಬಿಡಿಸಬಾರದು ಅಂತ ಮಾತಾಗಿಯೇ ಮದುವೆ ಆಗಿದ್ದು. ಅತ್ತೆ ಮನೆಯವರು ಆ ಮಾತಿಗೆ ತಪ್ಪಿಲ್ಲ, ಅದನ್ನು ಮೊದಲೇ ಹೇಳಿಬಿಡಬೇಕು. ಅಡ್ಡ ಬಂದಿದ್ದು ಫಾರ್ಮು. ಮೂರು ವರ್ಷ ಎಸ್‌ಸಿ ಪೋಸ್ಟ್ ಮೆಟ್ರಿಕ್ ಸ್ಕಾಲರ್‌ಶಿಪ್‌ನಲ್ಲೇ ಫೀ ಕಟ್ಟಿಕೊಂಡು ಬಂದ ಅಕ್ಕ ನಾಲ್ಕನೇ ವರ್ಷದ ರಿನ್ಯೂವಲ್ ಬಗ್ಗೆ ಕೇಳಲು ಒಂದು ಕೌಂಟರಿಗೆ ಹೋದರೆ, ಅಲ್ಲಿ ಕೂತವರು ಹೇಳಿದ್ದಿಷ್ಟು: "ಮದುವಿ ಆಗ್ಯಾದಲ್ಲ? ಇನ್ನ ಅತ್ತಿ ಮನೀದು ಪೂರಾ ಇನ್ಕಮ್ ಸರ್ಟಿಫಿಕೇಟ್ ತಗೊಂಡ್ ಬರ್ರಿ. ಇಲ್ಲಂದ್ರ ಮಹಾರಾಷ್ಟ್ರದಾಗೇ ಹಾಕ್ರಿ."

ಅಕ್ಕ ನಮ್ಮ ರೂಮಿಗೆ ಬಂದು ಕುರ್ಚಿ ಎಳೆದುಕೊಂಡು ಕೂತು ಕೇಳಿದ್ದು ಒಂದೇ ಪ್ರಶ್ನೆ. "ಈಗ ನಾ ಯಾವ ಊರಾಕಿ ಅಂತ ಬರೀಬೇಕು, ನೋಡಿ ಹೇಳ್ರಪಾ."

ನಾವು ಸೆಕೆಂಡ್ ಇಯರ್‌ನವರು. ಇಂಗ್ಲಿಷ್ ಮೀಡಿಯಂನಲ್ಲಿ ಓದಿಬಂದ ನಮ್ಮಲ್ಲಿ ಅರ್ಧ ಜನಕ್ಕೆ 'ಅಧಿವಾಸ' ಅನ್ನೋ ಪದವೇ ಗೊತ್ತಿರಲಿಲ್ಲ, ಕಾನೂನು ದೂರದ ಮಾತು. ಆದರೂ ಮಾರ್ಗಸೂಚಿಗಳನ್ನು ಡೌನ್‌ಲೋಡ್ ಮಾಡಿಕೊಂಡು, ಕೋರ್ಟಿನ ತೀರ್ಪುಗಳನ್ನು ತೆರೆದು, ಒಂದೊಂದೇ ಸಾಲು ಓದಿದೆವು. ಸಿಕ್ಕಿದ್ದೇನು ಅಂದರೆ, 'ಮದುವೆಯಾದವಳ ಕುಟುಂಬ ಯಾವುದು' ಅನ್ನೋದಕ್ಕೆ ನಮ್ಮ ದೇಶದಲ್ಲಿ ಒಂದು ಉತ್ತರ ಇಲ್ಲ. ಒಂದೊಂದು ಯೋಜನೆಗೆ ಒಂದೊಂದು ಉತ್ತರ. ಕೌಂಟರಿನಲ್ಲಿ ಕೂತವರು ಅಷ್ಟನ್ನೂ ಕಲಸಿ ಒಂದೇ ಮುದ್ದೆ ಮಾಡಿ ಕೊಡುತ್ತಾರೆ. ನಾವೂ ಹಂಗೇ ನುಂಗುತ್ತೇವೆ.

ಜಾತಿಯಿಂದ ಶುರು ಮಾಡೋಣ, ಅದು ಸ್ವಲ್ಪ ಸಲೀಸು. ಮದುವೆಯಿಂದ ಜಾತಿ ಬದಲಾಗೋದಿಲ್ಲ. 1996ರ ವಲ್ಸಮ್ಮ ಪಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಹಿಂದುಳಿದ ವರ್ಗದವರನ್ನು ಮದುವೆಯಾದ ಮಾತ್ರಕ್ಕೆ ಮುಂದುವರಿದ ಸಮುದಾಯದಲ್ಲಿ ಹುಟ್ಟಿದ ಮಹಿಳೆಗೆ ಮೀಸಲಾತಿ ಸಿಗೋದಿಲ್ಲ ಅಂತ ಹೇಳಿತು. 2018ರ ಸುನೀತಾ ಸಿಂಗ್ ಪ್ರಕರಣದಲ್ಲೂ ಅದೇ: ಜಾತಿ ಹುಟ್ಟಿನಿಂದ ಬರುವಂಥದ್ದು. ಇದರ ಇನ್ನೊಂದು ಮುಖವೇ ನಮ್ಮ ಅಕ್ಕನಿಗೆ ಬೇಕಾಗಿದ್ದು. ಅಪ್ಪನ ಮನೆಯಿಂದ ಬಂದ ಜಾತಿ ಪ್ರಮಾಣಪತ್ರವನ್ನು ಮದುವೆಯ ಹೆಸರಲ್ಲಿ ಯಾರೂ ಕಿತ್ತುಕೊಳ್ಳೋಹಾಗಿಲ್ಲ. ಗಂಡನ ಹೆಸರಲ್ಲಿ ಹೊಸದು ಮಾಡಿಸೋ ಅಗತ್ಯವೂ ಇಲ್ಲ.

ಆದರೆ ಇಲ್ಲೊಂದು ಗಡಿ ಇದೆ. ಸಂವಿಧಾನದ 341ನೇ ವಿಧಿ ಪರಿಶಿಷ್ಟ ಜಾತಿಗಳನ್ನು ಗುರುತಿಸೋದು ಇಡೀ ದೇಶಕ್ಕೆ ಸೇರಿಸಿ ಅಲ್ಲ, 'ಆ ರಾಜ್ಯಕ್ಕೆ ಸಂಬಂಧಿಸಿದಂತೆ' ಮಾತ್ರ. ಹಾಗಾಗಿ ಪಟ್ಟಿ ರಾಜ್ಯ ರಾಜ್ಯಕ್ಕೆ ಬೇರೆ. ಹೆಸರು ಎರಡೂ ಪಟ್ಟಿಯಲ್ಲಿ ಇದ್ದರೂ ಒಂದು ರಾಜ್ಯದ ಸೌಲಭ್ಯ ಇನ್ನೊಂದು ರಾಜ್ಯಕ್ಕೆ ಜೊತೆಗೆ ಹೋಗೋದಿಲ್ಲ. ಇದನ್ನು ಗಟ್ಟಿಯಾಗಿ ಹೇಳಿದ್ದು 1990ರ ಮರ್ರಿ ಚಂದ್ರಶೇಖರ ರಾವ್ ಪ್ರಕರಣ. ಆಂಧ್ರದಲ್ಲಿ ಪರಿಶಿಷ್ಟ ಪಂಗಡದವನಾದ ಹುಡುಗನೊಬ್ಬ ಅಪ್ಪನ ನೌಕರಿಯ ಕಾರಣಕ್ಕೆ ಚಿಕ್ಕವನಿದ್ದಾಗಲೇ ಮುಂಬೈಗೆ ಬಂದು, ಅಲ್ಲೇ ಬೆಳೆದು, ಅಲ್ಲಿನ ಮೆಡಿಕಲ್ ಕಾಲೇಜಿನಲ್ಲಿ ಮೀಸಲು ಸೀಟು ಕೇಳಿದ್ದ. ಕೊಡಲು ಬರೋದಿಲ್ಲ ಅಂತಾಯ್ತು.

ಮದುವೆಗೂ ಇದೇ ನಿಯಮವಾ? ನಾವು ಅಂದುಕೊಂಡಿದ್ದು ಇಲ್ಲ ಅಂತ. ಮದುವೆಯಾಗಿ ಹೋದವಳು ತಾನಾಗಿ ಊರು ಬಿಟ್ಟವಳಲ್ಲವಲ್ಲ, ಅವಳಿಗೆ ಏನಾದರೂ ವಿನಾಯಿತಿ ಇರಬಹುದು ಅಂತ ಹುಡುಕಿದೆವು. ಸಿಕ್ಕಿದ್ದು 2018ರ ನವೆಂಬರ್‌ನ ರಂಜನಾ ಕುಮಾರಿ ಪ್ರಕರಣ. ಪಂಜಾಬಿನ ವಾಲ್ಮೀಕಿ ಸಮುದಾಯದ ಮಹಿಳೆ, ಉತ್ತರಾಖಂಡದ ವಾಲ್ಮೀಕಿ ಸಮುದಾಯದವರನ್ನೇ ಮದುವೆಯಾಗಿ ಅಲ್ಲಿಗೆ ಹೋಗಿದ್ದರು. ಎರಡೂ ರಾಜ್ಯದಲ್ಲಿ ಆ ಜಾತಿ ಪರಿಶಿಷ್ಟವೇ. ಆದರೂ ಉತ್ತರಾಖಂಡದ ಎಸ್‌ಸಿ ಸೌಲಭ್ಯ ಅವರಿಗೆ ಸಿಗಲಿಲ್ಲ. ಮದುವೆಯಾಗಿ ಬಂದರೂ ಅದು ವಲಸೆಯೇ ಅಂತ ಸುಪ್ರೀಂ ಕೋರ್ಟ್ ಹಳೆಯ ತೀರ್ಪುಗಳನ್ನೇ ಅನ್ವಯಿಸಿತು.

ಅಂದರೆ ಕೌಂಟರಿನವರ "ಮಹಾರಾಷ್ಟ್ರದಾಗೇ ಹಾಕ್ರಿ" ಅನ್ನೋ ಸಲಹೆ ಅಕ್ಕನನ್ನು ನೇರವಾಗಿ ಹಳ್ಳಕ್ಕೆ ತಳ್ಳೋದು. ಅಲ್ಲಿ ಹೋದರೆ ಅಲ್ಲಿನವರು ನೀವು ಕರ್ನಾಟಕದ ಎಸ್‌ಸಿ ಅಂತಾರೆ. ಇಲ್ಲಿ ಬಿಟ್ಟರೆ ಇಲ್ಲಿನವರು ನೀವು ಹೋದವರು ಅಂತಾರೆ. ಹಿಂದುಳಿದ ವರ್ಗಗಳಲ್ಲೂ ಹೀಗೇ, ಗಡಿ ದಾಟಿದರೆ ಪಟ್ಟಿಯ ಲೆಕ್ಕವೇ ಬದಲು. ಕುರುಬರು ನಮ್ಮಲ್ಲಿ ಪ್ರವರ್ಗ 2ಎ. ಆಚೆ ಅದೇ ಕುರಿ ಕಾಯುವ ಕಸುಬಿನ ಧನಗರರು ಎನ್‌ಟಿ-ಸಿ. ಕೇಂದ್ರದ ಸಂಸ್ಥೆಗಳಿಗೆ ಮಾತ್ರ ಈ ತೊಂದರೆ ಇಲ್ಲ. ಗೊಬ್ಬೂರದ ಎಸ್‌ಸಿ ಸರ್ಟಿಫಿಕೇಟ್ ಹಿಡಿದು ವಾರಂಗಲ್ ಎನ್‌ಐಟಿಗೂ ಹೋಗಬಹುದು, ಮುಂಬೈ ಐಐಟಿಗೂ ಹೋಗಬಹುದು.

ಈ ಗಡಿ ಎಷ್ಟು ಹೊಸದು ಅಂತಲೂ ಸ್ವಲ್ಪ ನೆನಪಿರಲಿ. ಆಳಂದ ಮತ್ತು ಆಚೆಯ ಉಮರ್ಗಾ ಎರಡೂ 1956ರವರೆಗೆ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವು. ಅಕ್ಕಲಕೋಟ ಬೇರೆ ಸಂಸ್ಥಾನವಾಗಿತ್ತು, ಆಮೇಲೆ ಮುಂಬೈ ಪ್ರಾಂತಕ್ಕೆ ಸೇರಿತು. ಯಾವ ಕಾಲದಲ್ಲೂ ಗಡಿ ನೋಡಿ ಬೀಗತನ ಮಾಡಿದವರು ನಮ್ಮ ಕಡೆ ಕಡಿಮೆ. ದುಧನಿ ಬಜಾರಿನಲ್ಲಿ ಕನ್ನಡ ಸಾಕು. ಕಲಬುರಗಿಯಿಂದ ರೈಲು ಹತ್ತಿದರೆ ಗಾಣಗಾಪುರ ರೋಡ್ ದಾಟಿ ದುಧನಿ, ಅಷ್ಟೇ. ಅಕ್ಕನಿಗೆ ತವರಿಗಿಂತ ಅತ್ತೆ ಮನೆ ಪರದೇಶವೇನಲ್ಲ. ಫಾರ್ಮಿಗೆ ಮಾತ್ರ ಪರದೇಶ.

ಹಾಗಾದರೆ ಅಕ್ಕನ ಸ್ಕಾಲರ್‌ಶಿಪ್ ಯಾರು ಕೊಡಬೇಕು? ಪೋಸ್ಟ್ ಮೆಟ್ರಿಕ್ ಯೋಜನೆಯಲ್ಲಿ ಹಣ ಕೇಂದ್ರದ್ದು ಮತ್ತು ರಾಜ್ಯದ್ದು, ಎಸ್‌ಸಿ ಯೋಜನೆಯಲ್ಲಿ ಈಗ 60:40ರ ಲೆಕ್ಕ. ಆದರೆ ಕೊಡೋದು ವಿದ್ಯಾರ್ಥಿ ಯಾವ ರಾಜ್ಯಕ್ಕೆ ಸೇರಿದವರೋ ಆ ರಾಜ್ಯ. ಓದೋ ಕಾಲೇಜು ಎಲ್ಲಿದೆ ಅನ್ನೋದು ಮುಖ್ಯ ಅಲ್ಲ. ಅಕ್ಕ ಹುಟ್ಟಿದ್ದು, ಓದಿದ್ದು, ಈಗಲೂ ಹಾಸ್ಟೆಲ್‌ನಲ್ಲಿದ್ದು ಓದುತ್ತಿರೋದು ಕರ್ನಾಟಕದಲ್ಲಿ, ಎಸ್‌ಸಿ ಆಗಿರೋದೂ ಕರ್ನಾಟಕದ ಪಟ್ಟಿಯಲ್ಲಿ. ಬೇರೆ ಯಾವ ರಾಜ್ಯವೂ ಅವರನ್ನು ತನ್ನವರು ಅನ್ನೋಹಾಗಿಲ್ಲ. ಹಾಗಾಗಿ ಅರ್ಜಿ ಇಲ್ಲೇ ಹಾಕಬೇಕು ಅಂತ ನಾವು ತೀರ್ಮಾನಿಸಿದೆವು.

ಇಲ್ಲೊಬ್ಬರು ಹಿರಿಯರು, "ಹೆಂಡ್ತಿ ಗಂಡನ ಊರಾಕೀನೇ, ಅದು ಕಾನೂನೇ ಅದ" ಅಂದರು. ಹುಡುಕಿದರೆ ಅಂಥದೊಂದು ಕಾನೂನು ನಿಜವಾಗಿಯೂ ಇದೆ! 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 15ನೇ ಸೆಕ್ಷನ್: ಮದುವೆಯಿಂದ ಹೆಂಡತಿಗೆ ಗಂಡನ ಅಧಿವಾಸ ಬರುತ್ತದೆ. ಆದರೆ ಅದೇ ಕಾಯ್ದೆಯ 4ನೇ ಸೆಕ್ಷನ್ ಓದಿದರೆ ಆ ಭಾಗ ಹಿಂದೂ, ಮುಸ್ಲಿಂ, ಬೌದ್ಧ, ಸಿಖ್, ಜೈನರಿಗೆ ಅನ್ವಯಿಸೋದಿಲ್ಲ ಅಂತಿದೆ. ಆ ತತ್ವ ತಂದ ಇಂಗ್ಲಿಷರು ತಮ್ಮ ದೇಶದಲ್ಲಿ 1973ರ ಕಾಯ್ದೆ ಮಾಡಿ ಅದನ್ನು ತೆಗೆದುಹಾಕಿದರು. 1984ರ ಪ್ರದೀಪ್ ಜೈನ್ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟ್ ಇನ್ನೂ ಮುಂದೆ ಹೋಗಿ, ಭಾರತದಲ್ಲಿ ಇರೋದು ಒಂದೇ ಅಧಿವಾಸ, ಅದು ಭಾರತದ ಅಧಿವಾಸ ಅಂತ ಹೇಳಿದೆ. ರಾಜ್ಯಗಳು 'ಡೊಮಿಸೈಲ್' ಅಂತ ಕೇಳೋದೆಲ್ಲ ಅಸಲಿಗೆ ವಾಸದ ದಾಖಲೆ ಮಾತ್ರ.

ನಮ್ಮ ಭಾಗದವರಿಗೆ ಇನ್ನೊಂದು ಭಯ, 371ಜೆ. ಕಲ್ಯಾಣ ಕರ್ನಾಟಕದ ಸರ್ಟಿಫಿಕೇಟ್ ಮದುವೆಯಾದ ಮೇಲೆ ಉಳಿಯುತ್ತಾ? 98ನೇ ತಿದ್ದುಪಡಿಯಿಂದ ಬಂದ ಈ ವಿಧಿಯಲ್ಲಿ ಶಿಕ್ಷಣದ ಸೀಟುಗಳು ಆ ಪ್ರದೇಶಕ್ಕೆ 'ಜನ್ಮದಿಂದ ಅಥವಾ ವಾಸದಿಂದ' ಸೇರಿದ ವಿದ್ಯಾರ್ಥಿಗಳಿಗೆ ಅಂತಿದೆ. 'ಅಥವಾ' ಅನ್ನೋ ಪದವನ್ನು ಗಮನಿಸಿ. ಗೊಬ್ಬೂರದಲ್ಲಿ ಹುಟ್ಟಿದವರು ದುಧನಿಗೆ ಹೋದರೂ, ದುಬೈಗೆ ಹೋದರೂ ಹುಟ್ಟಿದ್ದು ಗೊಬ್ಬೂರದಲ್ಲೇ. ಇಲ್ಲಿನ ಕಾಲೇಜುಗಳಲ್ಲಿ ಶೇ. 70, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ. 8 ಸೀಟಿನ ಬಾಗಿಲು ಮದುವೆಯಿಂದ ಮುಚ್ಚೋದಿಲ್ಲ. ಉಪವಿಭಾಗಾಧಿಕಾರಿ ಕೊಟ್ಟ ಸರ್ಟಿಫಿಕೇಟನ್ನು ಜೋಪಾನವಾಗಿ ಇಟ್ಟುಕೊಳ್ಳಿ, ತವರುಮನೆ ಟ್ರಂಕಿನಲ್ಲಿ ಅಲ್ಲ, ನಿಮ್ಮ ಹತ್ತಿರ.

ಈಗ ದೊಡ್ಡ ತಕರಾರು, ಆದಾಯ. ಇದಕ್ಕೇ ನಮ್ಮ ವಾರದ ನಾಲ್ಕು ದಿನ ಹೋಗಿದ್ದು.

ಪೋಸ್ಟ್ ಮೆಟ್ರಿಕ್‌ಗೆ ವಾರ್ಷಿಕ ಆದಾಯದ ಮಿತಿ ಎರಡೂವರೆ ಲಕ್ಷ. ಅದಕ್ಕಿಂತ ಹೆಚ್ಚಿರುವವರಿಗೆ ರಾಜ್ಯದ ಬೇರೆ ವ್ಯವಸ್ಥೆಗಳಿವೆ, ಅದು ಬೇರೆ ಕಥೆ. ಯಾರ ಆದಾಯ? ಮಾರ್ಗಸೂಚಿಯ ಟಿಪ್ಪಣಿಯಲ್ಲಿ ಇದಕ್ಕೆ ಉತ್ತರ ಇದೆ. ತಂದೆ-ತಾಯಿಯಲ್ಲಿ ಒಬ್ಬರು ಬದುಕಿದ್ದರೂ ಅವರ ಆದಾಯವನ್ನಷ್ಟೇ ಲೆಕ್ಕ ಹಿಡಿಯಬೇಕು. ವಿದ್ಯಾರ್ಥಿನಿ ಮದುವೆಯಾಗಿದ್ದು ನಿರುದ್ಯೋಗಿಯಾಗಿದ್ದರೆ ಗಂಡನ ಆದಾಯ ಹಿಡಿಯಬೇಕು. ಮನೆಯ ಬೇರೆ ಯಾರು ದುಡಿಯುತ್ತಿದ್ದರೂ ಅವರದ್ದನ್ನು ಸೇರಿಸೋಹಾಗಿಲ್ಲ.

ಈ ಸಾಲು ಮೊದಲ ಸಲ ಓದಿದಾಗ ನಮಗೆ ಬೇಜಾರಾಯ್ತು. ಗೊಬ್ಬೂರದಲ್ಲಿ ಅಪ್ಪನಿಗೆ ಸ್ವಲ್ಪ ತೊಗರಿ ಹೊಲ, ಆದಾಯ ಮಿತಿಗಿಂತ ಎಷ್ಟೋ ಕೆಳಗೆ. ಮದುವೆಯಾದ ಒಂದೇ ದಿನಕ್ಕೆ ಅಪ್ಪನ ಬಡತನ ಅಳಿಸಿಹೋಗಿ ಗಂಡನ ಪಗಾರ ಬಂದು ಕೂತಿತು. ಮದುವೆಯಾದ ಹುಡುಗನ ಬಗ್ಗೆ ಆ ಟಿಪ್ಪಣಿಯಲ್ಲಿ ಒಂದು ಮಾತೂ ಇಲ್ಲ, ಅದನ್ನೂ ನೋಡಿ. ನಮ್ಮ ಕ್ಲಾಸಿನ ಹುಡುಗನೊಬ್ಬ ನೌಕರಿಯಲ್ಲಿರುವ ಹುಡುಗಿಯನ್ನು ಮದುವೆಯಾದರೆ ಅವನು ಅಪ್ಪನ ಮಗನಾಗಿಯೇ ಉಳಿಯುತ್ತಾನೆ. ಹೆಂಡತಿಯ ಸಂಬಳ ಯಾರೂ ಕೇಳೋದಿಲ್ಲ. ನಮ್ಮ ಪ್ರಕಾರ ಇದು ತಪ್ಪು. ಗಂಡ ಫೀ ಕಟ್ಟೇ ಕಟ್ಟುತ್ತಾನೆ ಅಂತ ನಿಯಮ ಬರೆದವರು ನಂಬಿಕೊಂಡಿದ್ದಾರೆ. ಅಕ್ಕನೇ ಹೇಳಿದಂತೆ, "ಅವರ ಪಗಾರ ಅವರ ಮನಿಗೆ ಹೋಗ್ತದ. ನಾ ಹೋಗಿ ಇನ್ನಾ ಮೂರು ತಿಂಗಳಾಗಿಲ್ಲ, ಫೀ ಕೊಡ್ರಿ ಅಂತ ಯಾರ ಮುಂದ ಕೈ ಚಾಚಲಿ?"

ಆದರೆ ಎರಡನೇ ಸಲ ಓದಿದಾಗ ಅದೇ ಸಾಲು ಅಕ್ಕನ ಪರವಾಗಿ ತಿರುಗಿತು. ಕೌಂಟರಿನವರು ಕೇಳಿದ್ದು 'ಅತ್ತಿ ಮನೀದು ಪೂರಾ'. ಮಾವನ ಹೆಸರಲ್ಲಿ ಕಬ್ಬಿನ ಹೊಲ ಇದೆ, ಒಂದು ಕಿರಾಣಿ ಅಂಗಡಿ ಇದೆ. ಅದನ್ನೆಲ್ಲ ಸೇರಿಸಿದರೆ ಎರಡೂವರೆ ಲಕ್ಷ ಸುಲಭವಾಗಿ ದಾಟುತ್ತದೆ. ಮಾರ್ಗಸೂಚಿಯಲ್ಲಿ ಇರೋದು ಗಂಡ. ಮಾವ ಇಲ್ಲ, ಮೈದುನ ಇಲ್ಲ. ಗಂಡ ಪುಣೆಯಲ್ಲಿ ಕಂಪನಿಯೊಂದರಲ್ಲಿ ಕಾಂಟ್ರಾಕ್ಟ್ ಮೇಲಿದ್ದಾರೆ, ತಿಂಗಳಿಗೆ 20,500 ರೂಪಾಯಿ. ಹನ್ನೆರಡರಿಂದ ಗುಣಿಸಿದರೆ 2,46,000. ಮಿತಿಗೆ ನಾಲ್ಕು ಸಾವಿರ ಕಡಿಮೆ! ಕ್ಯಾಲ್ಕುಲೇಟರ್ ಬೇಡದ ಈ ಲೆಕ್ಕವನ್ನು ನಾವು ಮೂರು ಸಲ ಮಾಡಿದೆವು.

ಇಲ್ಲಿ ಒಂದು ಒಳದಾರಿಯೂ ಇತ್ತು, ಮುಚ್ಚಿಡೋದಿಲ್ಲ. ಕರ್ನಾಟಕದ ಆದಾಯ ಪ್ರಮಾಣಪತ್ರಕ್ಕೆ ಐದು ವರ್ಷದ ಅವಧಿ. ಅಪ್ಪನ ಹೆಸರಿನ ಹಳೆಯ ಆರ್‌ಡಿ ನಂಬರ್ ಹಾಕಿದರೆ ಪೋರ್ಟಲ್ ತಕರಾರಿಲ್ಲದೆ ತಗೊಳ್ಳುತ್ತಿತ್ತು. ಇಬ್ಬರು ಗೆಳೆಯರು "ಹಾಕ್ಬಿಡೋಣ ಅಕ್ಕಾ, ಯಾರು ನೋಡ್ತಾರ" ಅಂದರು. ಸುಳ್ಳು ಮಾಹಿತಿ ಕೊಟ್ಟರೆ ಸ್ಕಾಲರ್‌ಶಿಪ್ ರದ್ದು, ಕೊಟ್ಟ ಹಣ ವಾಪಸ್ ವಸೂಲಿ, ಮುಂದೆ ಯಾವ ಸ್ಕಾಲರ್‌ಶಿಪ್‌ಗೂ ಅವಕಾಶ ಇಲ್ಲ ಅಂತ ಅದೇ ಮಾರ್ಗಸೂಚಿಯಲ್ಲಿ ಬರೆದಿದೆ. ಅಕ್ಕ ಮುಂದೆ ಎಂ.ಟೆಕ್ ಮಾಡಬೇಕು ಅಂತಿದ್ದಾರೆ. "ಬ್ಯಾಡ" ಅಂದುಬಿಟ್ಟರು.

ಪೋಸ್ಟ್ ಮೆಟ್ರಿಕ್‌ನಲ್ಲಿ ಗಂಡ ಮಾತ್ರ ಅಂತಾಯ್ತು. ಇದನ್ನೇ ಎಲ್ಲ ಕಡೆ ಹಿಡಿದುಕೊಂಡು ಹೋದರೆ ಕೆಡುತ್ತೀರಿ. ಹುಡುಗಿಯರಿಗಾಗಿ ಎಐಸಿಟಿಇ ಕೊಡುವ ಪ್ರಗತಿ ಸ್ಕಾಲರ್‌ಶಿಪ್ ನೋಡಿ, ವರ್ಷಕ್ಕೆ 50,000 ರೂಪಾಯಿ, ಆದಾಯ ಮಿತಿ 8 ಲಕ್ಷ. ಅದರ ಯೋಜನಾ ದಾಖಲೆಯಲ್ಲಿ ಮದುವೆಯಾದ ಹುಡುಗಿಗೆ ತಂದೆ-ತಾಯಿಯ ಆದಾಯ, ಅತ್ತೆ-ಮಾವನ ಆದಾಯ, ಎರಡರಲ್ಲಿ ಯಾವುದು ಹೆಚ್ಚೋ ಅದು ಅಂತಿದೆ. ಇಲ್ಲಿ ಮಾವನ ಕಬ್ಬು ಬಂತು! ಅದೇ ಯೋಜನೆಯಲ್ಲಿ ಒಂದು ಕುಟುಂಬಕ್ಕೆ ಇಬ್ಬರು ಹುಡುಗಿಯರು ಅನ್ನೋ ಮಿತಿಯೂ ಇದೆ. ತವರಲ್ಲಿ ತಂಗಿ, ಅತ್ತೆ ಮನೆಯಲ್ಲಿ ನಾದಿನಿ, ಯಾರನ್ನು ಎಣಿಸಬೇಕು ಅಂತ ನಾವು ಒಂದು ಸಂಜೆ ಜಗಳಾಡಿ ಬಿಟ್ಟೆವು.

ಇಡಬ್ಲ್ಯೂಎಸ್‌ಗೆ ಬನ್ನಿ. 2019ರ ಜನವರಿಯ ಕೇಂದ್ರದ ಆದೇಶದಲ್ಲಿ ಕುಟುಂಬ ಅಂದರೆ ಅರ್ಜಿದಾರರು, ಅವರ ತಂದೆ-ತಾಯಿ, 18 ವರ್ಷದೊಳಗಿನ ಒಡಹುಟ್ಟಿದವರು, ಜೊತೆಗೆ ಗಂಡ ಅಥವಾ ಹೆಂಡತಿ ಮತ್ತು 18ರೊಳಗಿನ ಮಕ್ಕಳು. ಅಂದರೆ ಎರಡೂ ಮನೆ. ಆದಾಯ 8 ಲಕ್ಷದೊಳಗಿರಬೇಕು, ಕೃಷಿ ಜಮೀನು 5 ಎಕರೆಗಿಂತ ಕಡಿಮೆ ಇರಬೇಕು, ಬೇರೆ ಬೇರೆ ಊರಿನ ಜಮೀನು ಕೂಡಿಸಿ ಲೆಕ್ಕ ಹಾಕಬೇಕು. ಅಪ್ಪನಿಗೆ ಗೊಬ್ಬೂರದಲ್ಲಿ 3 ಎಕರೆ, ಗಂಡನ ಹೆಸರಲ್ಲಿ ಆಚೆ ಇನ್ನೊಂದು 3 ಎಕರೆ ಇದ್ದರೆ ಮದುವೆಯ ದಿನವೇ ಹುಡುಗಿ ಇಡಬ್ಲ್ಯೂಎಸ್‌ನಿಂದ ಹೊರಗೆ. ಅದೇ 3 ಎಕರೆ ಮಾವನ ಹೆಸರಲ್ಲಿದ್ದರೆ ಒಳಗೆ, ಯಾಕೆಂದರೆ ಆ ಪಟ್ಟಿಯಲ್ಲಿ ಮಾವ ಇಲ್ಲ.

ಒಬಿಸಿಯ ಕೆನೆಪದರ ಇದಕ್ಕೆಲ್ಲ ಉಲ್ಟಾ. 2004ರ ಅಕ್ಟೋಬರ್ 14ರ ಕೇಂದ್ರದ ಸ್ಪಷ್ಟೀಕರಣದಲ್ಲಿ ಅಭ್ಯರ್ಥಿಯ ಕೆನೆಪದರ ತಂದೆ-ತಾಯಿಯ ಸ್ಥಿತಿಯಿಂದ ತೀರ್ಮಾನವಾಗುತ್ತದೆ, ಸ್ವಂತ ಆದಾಯದಿಂದಾಗಲಿ ಗಂಡ ಅಥವಾ ಹೆಂಡತಿಯ ಆದಾಯದಿಂದಾಗಲಿ ಅಲ್ಲ ಅಂತ ಸ್ಪಷ್ಟವಾಗಿದೆ. ಹಿಂದುಳಿದಿರುವಿಕೆ ಅಂದರೆ ಬೆಳೆದ ಮನೆಯದ್ದು, ಹೋದ ಮನೆಯದ್ದಲ್ಲ ಅನ್ನೋ ತಿಳಿವಳಿಕೆ ಇದರಲ್ಲಿದೆ. ನಮಗೆ ಸರಿ ಅನ್ನಿಸಿದ್ದು ಇದೊಂದೇ. ಆದರೆ ಇದು ಮೀಸಲಾತಿಯ ಸೀಟಿಗೆ, ನೌಕರಿಗೆ. ಅದೇ ಒಬಿಸಿ ಹುಡುಗಿ ಪೋಸ್ಟ್ ಮೆಟ್ರಿಕ್‌ಗೆ ಅರ್ಜಿ ಹಾಕಿದರೆ ಮತ್ತೆ ಗಂಡನ ಆದಾಯ. ಹೀಗೆ ಒಬ್ಬಳೇ ಹುಡುಗಿ ಒಂದೇ ದಿನ ಒಂದು ಫಾರ್ಮಿನಲ್ಲಿ ಅಪ್ಪನ ಮಗಳು, ಇನ್ನೊಂದರಲ್ಲಿ ಗಂಡನ ಹೆಂಡತಿ, ಮತ್ತೊಂದರಲ್ಲಿ ಅತ್ತೆ ಮನೆಯ ಸೊಸೆ.

ಬ್ಯಾಂಕಿನವರು ಇದರಲ್ಲಿ ಸ್ವಲ್ಪ ಧಾರಾಳಿಗಳು. ಬ್ಯಾಂಕುಗಳ ಸಂಘದ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ ಮದುವೆಯಾದವರಿಗೆ ಗಂಡ ಅಥವಾ ಹೆಂಡತಿ, ತಂದೆ-ತಾಯಿ, ಅತ್ತೆ-ಮಾವ, ಯಾರು ಬೇಕಾದರೂ ಜೊತೆಗೆ ಸಹಿ ಹಾಕಬಹುದು. ಸಾಲ ವಾಪಸ್ ಬರಬೇಕಲ್ಲ, ಅವರಿಗೆ ಎಲ್ಲರೂ ಬೇಕು.

ಇನ್ನು ದಾಖಲೆಗಳ ಸಣ್ಣ ವಿಷಯ. ಸಣ್ಣದು ಅಂತ ಬಿಟ್ಟರೆ ದುಡ್ಡು ಇಲ್ಲೇ ಸಿಕ್ಕಿಹಾಕಿಕೊಳ್ಳೋದು. ಗಡಿ ಆಚೆ ಮದುವೆಯಲ್ಲೇ ಹೆಸರು ಬದಲಿಸುವ ರೂಢಿ ಇದೆ. ಗಂಡನ ಹೆಸರು, ಅವರ ಅಡ್ಡಹೆಸರು ಬರುತ್ತವೆ, ಕೆಲವು ಮನೆಗಳಲ್ಲಿ ಹುಡುಗಿಯ ಹೆಸರೇ ಬೇರೆಯಾಗುತ್ತದೆ. ಪ್ರೀತಿಯಿಂದ ಕರೆಯಲಿ, ಕರೆಸಿಕೊಳ್ಳಿ. ಆದರೆ ಡಿಗ್ರಿ ಕೈಗೆ ಬರೋವರೆಗೆ ಆಧಾರ್‌ನಲ್ಲಿ ಹೆಸರು ಮುಟ್ಟಬೇಡಿ. ಹೆಸರು ಬದಲಿಸಲೇಬೇಕು ಅಂತ ಯಾವ ಕಾನೂನೂ ಇಲ್ಲ. ಆಧಾರ್‌ನಲ್ಲಿ ಜೀವಮಾನಕ್ಕೆ ಎರಡೇ ಸಲ ಹೆಸರು ತಿದ್ದಬಹುದು. ಒಮ್ಮೆ ತಿದ್ದಿಸಿದರೆ ಮಾರ್ಕ್ಸ್ ಕಾರ್ಡು, ಜಾತಿ ಪ್ರಮಾಣಪತ್ರ, ಆಧಾರ್ ಮೂರೂ ಮೂರು ದಾರಿ, ಪೋರ್ಟಲ್‌ಗೆ ನೀವು ಮೂರು ಜನ.

ವಿಳಾಸಕ್ಕೂ ಬೆಲೆ ಇದೆ. ಶಕ್ತಿ ಯೋಜನೆ ಶುರುವಾದ 2023ರ ಜೂನ್ 11ರಿಂದ ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ತೋರಿಸಿದರೆ ಮಹಿಳೆಯರಿಗೆ ಬಸ್ಸು ಫ್ರೀ. ಆಧಾರ್ ವಿಳಾಸ ಅಕ್ಕಲಕೋಟ ತಾಲೂಕಿಗೆ ಹೋದ ದಿನ ಕಲಬುರಗಿ–ಗೊಬ್ಬೂರ ಬಸ್ಸಿನಲ್ಲಿ ಟಿಕೆಟ್ ತೆಗೆಸಬೇಕು.

ಬ್ಯಾಂಕ್ ಖಾತೆಯ ವಿಷಯದಲ್ಲಿ ಅಕ್ಕ ಸ್ವಲ್ಪದರಲ್ಲಿ ಪಾರಾದರು. ಮಹಾರಾಷ್ಟ್ರದಲ್ಲಿ 2024ರಿಂದ ಲಾಡಕಿ ಬಹೀಣ್ ಯೋಜನೆ ಇದೆ, 21 ದಾಟಿದ ಅರ್ಹ ಮಹಿಳೆಯರಿಗೆ ತಿಂಗಳಿಗೆ 1,500 ರೂಪಾಯಿ. ತಮಾಷೆ ನೋಡಿ, ಬೇರೆ ರಾಜ್ಯದಲ್ಲಿ ಹುಟ್ಟಿ ಅಲ್ಲಿಗೆ ಮದುವೆಯಾಗಿ ಬಂದವರಿಗೆ ಗಂಡನ ಜನ್ಮ ದಾಖಲೆ ಅಥವಾ ಡೊಮಿಸೈಲ್ ಸಾಕು ಅಂತ ಆ ಸರ್ಕಾರ ವಿನಾಯಿತಿ ಕೊಟ್ಟಿತು. ಎಸ್‌ಸಿ ಅನ್ನಿಸಿಕೊಳ್ಳಲು ಆಗದ ಸೊಸೆ ಅಲ್ಲಿ ಲಾಡಕಿ ಬಹೀಣ್ ಆಗಬಹುದು. ಅತ್ತೆಯವರು ಅದಕ್ಕಾಗಿ ಅಲ್ಲಿ ಹೊಸ ಖಾತೆ ತೆಗೆಸಿ ಆಧಾರ್ ಲಿಂಕ್ ಮಾಡಿಸೋಣ ಅಂತಿದ್ದರಂತೆ. ಸರ್ಕಾರದ ಹಣ ನೇರವಾಗಿ ಬರೋದು ಆಧಾರಿಗೆ ಸೀಡ್ ಆದ ಖಾತೆಗೆ, ಮತ್ತು ಒಂದು ಆಧಾರಿಗೆ ಒಂದು ಸಮಯದಲ್ಲಿ ಒಂದೇ ಬ್ಯಾಂಕು. ಕೊನೆಯಲ್ಲಿ ಯಾವುದು ಸೀಡ್ ಆಯಿತೋ ಅದಕ್ಕೆ. ನೀವು ಕಲಬುರಗಿಯ ಪಾಸ್‌ಬುಕ್ ಹಿಡಿದು ಕಾಯುತ್ತಿದ್ದರೆ ಸ್ಕಾಲರ್‌ಶಿಪ್ ಅಕ್ಕಲಕೋಟದ ಖಾತೆಗೆ ಹೋಗಿ ಕೂತಿರುತ್ತದೆ, ಆ ಖಾತೆಯ ಎಟಿಎಂ ಕಾರ್ಡು ಯಾರ ಕೈಯಲ್ಲಿದೆ ಅನ್ನೋದು ಆಮೇಲಿನ ಮಾತು.

ದುಧನಿ ಬಿಡಿ, ಡಲ್ಲಾಸಿಗೆ ಹೋದರೆ? ನಮ್ಮ ಕ್ಯಾಂಪಸ್ಸಿನಲ್ಲಿ ಫೈನಲ್ ಇಯರ್ ಬರುವಷ್ಟರಲ್ಲಿ ಅಂಥ ಸಂಬಂಧಗಳೂ ಬರುತ್ತವೆ, "ಅಲ್ಲೇ ಹೋಗಿ ಎಂ.ಎಸ್ ಮಾಡ್ಕೋಬಹುದಲ್ಲ" ಅನ್ನೋ ಮಾತಿನ ಜೊತೆ. ಮಾಡಬಹುದು, ದುಡ್ಡಿನ ವಿಷಯ ಮೊದಲೇ ತಿಳಿದಿರಲಿ. ಎಚ್-1ಬಿ ಇರುವವರ ಹೆಂಡತಿಗೆ ಸಿಗೋದು ಎಚ್-4 ವೀಸಾ. ಅದರಲ್ಲಿ ಕಾಲೇಜಿಗೆ ಸೇರಿ ಓದಲು ಅಡ್ಡಿ ಇಲ್ಲ, ಆದರೆ ಅಮೆರಿಕದ ಕೇಂದ್ರ ಸರ್ಕಾರದ ವಿದ್ಯಾರ್ಥಿ ನೆರವು ಸಿಗೋದಿಲ್ಲ. ಅದು ಸಿಗಬೇಕಾದರೆ ಗ್ರೀನ್ ಕಾರ್ಡ್ ಬೇಕು, ಭಾರತೀಯರ ಗ್ರೀನ್ ಕಾರ್ಡ್ ಸಾಲು ಎಷ್ಟು ಉದ್ದ ಅಂತ ನಿಮಗೇ ಗೊತ್ತು. ಆ ನೆರವಿನ ಅರ್ಜಿಗೆ ಎಫ್‌ಎಎಫ್‌ಎಸ್‌ಎ ಅಂತಾರೆ. ಅದರಲ್ಲಿ ಮದುವೆಯಾದವರು ಹುಡುಗನಿರಲಿ ಹುಡುಗಿಯಿರಲಿ, 'ಸ್ವತಂತ್ರ' ವಿದ್ಯಾರ್ಥಿ. ಅಪ್ಪ-ಅಮ್ಮನ ಆದಾಯ ಕೇಳೋದಿಲ್ಲ, ಸಂಗಾತಿಯದ್ದು ಕೇಳುತ್ತಾರೆ. ಕನಿಷ್ಠ ಇಬ್ಬರಿಗೂ ಒಂದೇ ನಿಯಮ. ಇಂಗ್ಲೆಂಡಿನಲ್ಲಿ ಸರ್ಕಾರದ ವಿದ್ಯಾರ್ಥಿ ಸಾಲಕ್ಕೆ ಸಾಮಾನ್ಯವಾಗಿ ಅಲ್ಲಿ ಕಾಯಂ ನೆಲೆಸುವ ಹಕ್ಕೂ ಬೇಕು, ಕೋರ್ಸಿಗೆ ಮುಂಚಿನ ಮೂರು ವರ್ಷದ ವಾಸವೂ ಬೇಕು. ಗಂಡನ ಜೊತೆ ಇರುವ ವೀಸಾ ಒಂದೇ ಸಾಕಾಗೋದಿಲ್ಲ. ಹುಡುಗನ ಸಂಬಳ ಕೇಳೋ ಧೈರ್ಯ ನಮ್ಮ ಮನೆಗಳಲ್ಲಿ ಎಲ್ಲರಿಗೂ ಇದೆ, ವೀಸಾ ಯಾವುದು ಅಂತಲೂ ಕೇಳಿ.

ಅಕ್ಕನ ಅರ್ಜಿಗೆ ಬರೋಣ. ಗಂಡ ಒಂದು ದಿನ ರಜೆ ಹಾಕಿ ಅಲ್ಲಿನ ತಹಶೀಲ್ದಾರ್ ಕಚೇರಿಯಿಂದ ಆದಾಯದ ದಾಖಲೆ ತಂದುಕೊಟ್ಟರು, ಮರಾಠಿಯಲ್ಲಿದೆ. ಹೊಸ ತೊಡಕು ಅಲ್ಲಿ ಎದುರಾಯ್ತು. ನಮ್ಮ ಪೋರ್ಟಲ್ ಕೇಳೋದು ನಾಡಕಚೇರಿಯ ಆರ್‌ಡಿ ನಂಬರ್. ಮಹಾರಾಷ್ಟ್ರದ ಕಾಗದಕ್ಕೆ ಆರ್‌ಡಿ ನಂಬರ್ ಎಲ್ಲಿಂದ ಬರಬೇಕು? ಪ್ರಾಮಾಣಿಕವಾಗಿ ನಿಯಮ ಪಾಲಿಸಿದವರಿಗೆ ತುಂಬಲು ಖಾಲಿ ಜಾಗವೇ ಇಲ್ಲ. ಕೊನೆಗೆ ಕಾಗದದ ಅರ್ಜಿ ಬರೆದೆವು. 'ಮಾನ್ಯರೇ' ಆದ ಮೇಲೆ ಏನು ಬರೆಯಬೇಕು ಅಂತ ಗೊತ್ತಾಗದೆ ಹತ್ತು ನಿಮಿಷ ಕೂತೆವು, ಅದು ಬೇರೆ. ಜಾತಿ ಪ್ರಮಾಣಪತ್ರ, ವಿವಾಹ ನೋಂದಣಿ, ಗಂಡನ ಆದಾಯದ ದಾಖಲೆ ಮತ್ತು ಅದರ ಕನ್ನಡ ಅನುವಾದ, ಹಿಂದಿನ ವರ್ಷಗಳ ಮಂಜೂರಾತಿ, ಇವುಗಳ ಜೊತೆ ಮಾರ್ಗಸೂಚಿಯ ಆ ಪುಟವನ್ನೂ ಲಗತ್ತಿಸಿ, 'ಗಂಡ' ಅಂತಿರುವ ಸಾಲಿಗೆ ಹಳದಿ ಹೈಲೈಟರ್ ಹಚ್ಚಿದೆವು.

ಅದನ್ನು ಹಿಡಿದು ಅಕ್ಕನ ಜೊತೆ ನಾವು ಮೂವರು ಹೋದೆವು. ಈ ಸಲ ಸಿಕ್ಕ ಅಧಿಕಾರಿ ಬೇರೆಯವರು. ಕನ್ನಡಕ ಏರಿಸಿ ಹಳದಿ ಸಾಲನ್ನು ಎರಡು ಸಲ ಓದಿದರು. "ಹೌದಲ್ಲ, ಮಾವಂದು ಬ್ಯಾಡ ಅಂತದ" ಅಂದರು. ಮೇಲೆ ಕಳಿಸಿ ಕೇಳುತ್ತೇನೆ, ಸ್ವೀಕೃತಿ ತಗೊಂಡು ಹೋಗ್ರಿ ಅಂತ ಸೀಲು ಹೊಡೆದು ಕೊಟ್ಟರು. ಅಕ್ಕ ಆ ಸ್ವೀಕೃತಿಯ ಫೋಟೋ ತೆಗೆದು ಮೊದಲು ಗಂಡನಿಗೆ, ಆಮೇಲೆ ಗೊಬ್ಬೂರದಲ್ಲಿರುವ ಅಪ್ಪನಿಗೆ ಕಳಿಸಿದರು. ಶನಿವಾರ ಸಂಜೆ ದುಧನಿ ಕಡೆ ರೈಲಿಗೆ ಹೊರಡುವಾಗ ನಮ್ಮ ರೂಮಿನ ಬಾಗಿಲಲ್ಲಿ ನಿಂತು, "ದಿನಾ ಒಮ್ಮಿ ಸ್ಟೇಟಸ್ ನೋಡ್ರಪಾ" ಅಂತ ಹೇಳಿ ಹೋದರು. ನೋಡುತ್ತಿದ್ದೇವೆ. ಈ ಲೇಖನ ಕಳಿಸುವ ಹೊತ್ತಿಗೆ ಏನೂ ಬದಲಾಗಿಲ್ಲ, ಪರೀಕ್ಷೆ ಫೀ ಕಟ್ಟಲು ಇನ್ನೂ ಹನ್ನೊಂದು ದಿನ ಇದೆ.